ಕೂಸನ್ನು ಎತ್ತಿಕೊಳ್ಳುವವರೆಲ್ಲ ಬಂದು ಕೂತರೆ

ಕುಬಿಹಾಳದ ದಾರಿಯಲ್ಲಿ ಇನ್ನೂ ನಸುಗತ್ತಲು. ಎಳ್ಳಮಾವಾಸ್ಯೆ ಕಳೆದು ಕೆಲವೇ ದಿನಗಳಾಗಿವೆ. ಎರೆಹೊಲದ ಕಡಲೆ ಬೆಳೆಯ ಮೇಲೆ ಇಬ್ಬನಿ ಕೂತು ಗಾಳಿಗೆಲ್ಲ ಹುಳಿ ವಾಸನೆ ಹತ್ತಿದೆ. ಆ ಚಳಿಯಲ್ಲಿ ಹಳೆಯ ಮೊಪೆಡ್ ಒಂದು ಕೆಮ್ಮುತ್ತಾ ಬರುತ್ತದೆ. ಕಾಲಿಡುವ ಜಾಗದಲ್ಲಿ ಹತ್ತಿಯ ಗಂಟು, ಸೀಟಿನ ಮೇಲೆ ಗಾದಿ ಹೊಲಿಯುವ ಮಹಬೂಬಸಾಬ, ಹಿಂದೆ ಕಿವಿ ಮುಚ್ಚುವಂತೆ ಸೆರಗು ಹೊದ್ದು ಕೂತ ಅವರ ಹೆಂಡತಿ ಜಮಾಲಬಿ. ಕುರುಬರ ಓಣಿಯ ಬಾಯಿಗೆ ಬಂದಾಗ ಗಾಡಿ ನಿಲ್ಲುತ್ತದೆ.

“ಇವತ್ತರ ಲಗೂನ ಮುಗಸ್ತಿಯೇನು?” ಎಂದು ಗಂಡ ಕೇಳುತ್ತಾರೆ.

“ಅವರ ಮನಿ ಮಾತು ನನ್ನ ಕೈಯಾಗ ಐತೇನ್ರಿ? ನೀವು ನಿಮ್ಮ ಹತ್ತಿ ನೋಡ್ಕೋರಿ,” ಎಂದು ಹೆಂಡತಿ ಇಳಿಯುತ್ತಾರೆ. ಇಳಿದ ಮೇಲೆ ಎಡ ಮೊಣಕಾಲನ್ನು ಒಮ್ಮೆ ಒತ್ತಿಕೊಂಡು, ಸೆರಗು ಸರಿಪಡಿಸಿಕೊಂಡು ನಡೆಯುತ್ತಾರೆ. ಐವತ್ತರ ಆಚೀಚೆಯ ಹೆಂಗಸು. ಇಂಥ ಹೊತ್ತಿನಲ್ಲಿ ಪರರ ಮನೆಯ ಬಾಗಿಲು ತಟ್ಟುವುದು ಯಾರಿಗೂ ಚೆಂದ ಕಾಣುವ ಕೆಲಸವಲ್ಲ. ಆದರೆ ಹೊತ್ತು ಏರಿದರೆ ಗಂಡಸರು ಕುರಿಯ ಹಿಂದೆ, ಹೆಂಗಸರು ಹೊಲಕ್ಕೆ. ಮನೆಯವರೆಲ್ಲ ಒಟ್ಟಿಗೆ ಸಿಗುವುದು ರೊಟ್ಟಿ ಬಡಿಯುವ ಈ ಹೊತ್ತಿನಲ್ಲಿ ಮಾತ್ರ.

ದುರ್ಗವ್ವನವರ ಮನೆಯಲ್ಲಿ ಒಲೆ ಉರಿಯುತ್ತಿದೆ. ದುರ್ಗವ್ವ ರೊಟ್ಟಿ ಬಡಿಯುತ್ತಿದ್ದಾರೆ. ಸೊಸೆ ಕಸ್ತೂರೆವ್ವ ಎಳೆಗೂಸಿಗೆ ಮೊಲೆ ಕೊಡುತ್ತಾ ಕೂತಿದ್ದಾರೆ. ಮಗ ಬೀರಲಿಂಗಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಡಲು ನಿಂತಿದ್ದಾರೆ. ಅಡುಗೆಮನೆಯ ಕಂಬಕ್ಕೆ ಒರಗಿ, ಅಜ್ಜಿಯ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿರುವವಳು ಮೊಮ್ಮಗಳು ಮಾಳವ್ವ. ವಯಸ್ಸು ನಾಲ್ಕು. ಕಣ್ಣು ಕೆಂಪಗಾಗಿವೆ. ರೆಪ್ಪೆ ಜಾರಿದೊಡನೆ ಬೆಚ್ಚಿ ತೆರೆಯುತ್ತಾಳೆ.

“ಈ ಕೂಸನ್ನ ಯಾರ್ಯಾರು ಎತ್ಕೋತೀರಿ?” ಎಂದು ಜಮಾಲಬಿ ಕೇಳುತ್ತಾರೆ.

“ಎಲ್ಲಾರೂ ಎತ್ಕೋತೀವಿ. ಅದೇನು ಕೇಳೂ ಮಾತು?” ಎನ್ನುತ್ತಾರೆ ದುರ್ಗವ್ವ.

“ಹಂಗಾರ ಎಲ್ಲಾರೂ ಕುಂಡ್ರರಿ. ಒಬ್ಬರು ಕಮ್ಮಿ ಇದ್ರೂ ನಾ ಬಾಯಿ ತಗಿಯಂಗಿಲ್ಲ.”

ಬೀರಲಿಂಗಪ್ಪ ಬಾಗಿಲ ಕಡೆ ನೋಡುತ್ತಾರೆ. “ಕುರಿ ಬಿಡೂ ಹೊತ್ತಾತ್ರಿ ಅಕ್ಕಾರ.”

“ಕುರಿ ಒಂದು ತಾಸು ತಡೀತಾವು ತಮ್ಮಾ. ನಿನ್ನ ಮಗಳು ಒಂದು ವರ್ಷ ತಡದಾಳ.”

ಬೀರಲಿಂಗಪ್ಪ ಕಂಬಳಿ ಇಳಿಸಿ ಕೂರುತ್ತಾರೆ. ಜಮಾಲಬಿಯವರ ಕೆಲಸ ಶುರುವಾಗುವುದು ಹೀಗೆ. ಔಷಧವಿಲ್ಲ, ಆಟಿಕೆಯಿಲ್ಲ, ಕೂಸಿನ ಕೆನ್ನೆ ಹಿಂಡಿ ಮಾತಾಡಿಸುವುದೂ ಇಲ್ಲ. ಎತ್ತಿಕೊಳ್ಳುವವರೆಲ್ಲ ಒಂದು ಕಡೆ ಕೂರಬೇಕು, ಇದೊಂದೇ ಹಟ.

ಈ ಮನೆಯ ಕಷ್ಟವನ್ನು ಅವರಿಗೆ ತಿಳಿಸಿದವರು ಅಂಗನವಾಡಿಯ ಸುಶೀಲವ್ವ ಟೀಚರು. ಮಾಳವ್ವ ಒಂದು ವರ್ಷದಿಂದ ಒಂದು ಮಾತೂ ಆಡಿಲ್ಲ. ನೆಲಕ್ಕೆ ಬೆನ್ನು ಹಚ್ಚಿ ಮಲಗುವುದಿಲ್ಲ, ಕೂತಲ್ಲೇ ತೂಕಡಿಸುತ್ತಾಳೆ. ಅಜ್ಜಿ ಜೋಗುಳ ಶುರು ಮಾಡಿದರಂತೂ ಮುಗಿಯಿತು, ಚೀರುತ್ತಾ ಬಂದು ಎರಡೂ ಕೈಯಿಂದ ಅಜ್ಜಿಯ ಬಾಯಿ ಮುಚ್ಚುತ್ತಾಳೆ. ಕಿವಿ ತೋರಿಸಿಯಾಯಿತು, ಕಿವಿ ನೆಟ್ಟಗಿವೆ. ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬಂದೂ ಆಯಿತು. ದುರ್ಗವ್ವ ತಮ್ಮಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದಾರೆ: ತಾವು ಹಾಡುವ ಜೋಗುಳ ಬೀರದೇವರ ಹೆಸರಿನಿಂದ ಶುರುವಾಗುತ್ತದೆ, ಕೂಸಿನ ಮೈಯಲ್ಲಿ ಸೇರಿಕೊಂಡದ್ದಕ್ಕೆ ದೇವರ ಹೆಸರು ಸೇರುವುದಿಲ್ಲ, ಅದಕ್ಕೇ ಚೀರುತ್ತದೆ. ಜಮಾಲಬಿ ಇದನ್ನು ಅಲ್ಲಗಳೆಯಲು ಹೋಗಿಲ್ಲ. “ಯಮನೂರಿಗೆ ನಾನೂ ಹೋಗ್ತೀನ್ರಿ. ಅಲ್ಲಿಗೂ ಹೋಗ್ರಿ, ನನ್ನ ಮಾತೂ ಒಂದೀಟು ಕೇಳ್ರಿ ಅಂತೀನಿ,” ಎನ್ನುತ್ತಾರೆ.

ಇವತ್ತು ಅವರು ಕೇಳುವುದು ಒಂದೇ ಪ್ರಶ್ನೆ. “ಹೋದ ವರ್ಷ ಹಿಂಡು ಹೊಂಟ ದಿನ ಏನಾತು? ಕೂಸಿಗೆ ಕೇಳಂಗಿಲ್ಲ, ನಿಮಗ ಕೇಳ್ತೀನಿ. ಒಬ್ಬೊಬ್ಬರಾ ಹೇಳ್ರಿ.”

ಬೀರಲಿಂಗಪ್ಪನವರ ಕುರಿಹಿಂಡು ವರ್ಷಾವರ್ಷ ಈ ಹೊತ್ತಿಗೆ ಪಡುವಣಕ್ಕೆ ಹೋಗುತ್ತದೆ. ಕಲಘಟಗಿ ಕಡೆ ಭತ್ತದ ಗದ್ದೆ ಕೊಯ್ದು ಖಾಲಿಯಾಗಿರುತ್ತವೆ, ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ಗದ್ದೆಯವರು ಕರೆಯುತ್ತಾರೆ. ಗಂಡ ಹೆಂಡಿರಿಬ್ಬರೂ ಹೋಗಿ ಯುಗಾದಿಯ ಹೊತ್ತಿಗೆ ತಿರುಗಿ ಬರುತ್ತಾರೆ. ಮೊದಲೆಲ್ಲ ಮಾಳವ್ವನೂ ಕುದುರೆಯ ಮೇಲೆ ಗಂಟುಮೂಟೆಯ ನಡುವೆ ಕೂತು ಹೋಗುತ್ತಿದ್ದಳು. ಹೋದ ವರ್ಷ, ಅಂಗನವಾಡಿಗೆ ಹೋಗಿ ನಾಲ್ಕಕ್ಷರ ಕಲಿಯಲಿ ಎಂಬ ಆಸೆಯಿಂದ ಅವಳನ್ನು ಅಜ್ಜಿಯ ಹತ್ತಿರ ಬಿಟ್ಟರು.

“ನಸಿಕಿನ್ಯಾಗ ಹೊಂಟ್ವಿ. ಕೂಸು ಮಲಗಿತ್ತು,” ಎಂದು ಬೀರಲಿಂಗಪ್ಪ ಮುಗಿಸುತ್ತಾರೆ.

ಕಸ್ತೂರೆವ್ವ ಮೊಲೆಗೂಸಿನ ಮೇಲಿನಿಂದ ಕಣ್ಣೆತ್ತದೆ ಹೇಳುತ್ತಾರೆ: “ನಾ ಆಕೀ ಕಡೆ ತಿರುಗಿ ಸೈತ ನೋಡಲಿಲ್ರಿ. ನೋಡಿದ್ರ ಕಾಲು ಏಳ್ತಿರಲಿಲ್ಲ.”

ದುರ್ಗವ್ವನವರ ಕೈ ಹಿಟ್ಟಿನ ಮೇಲೆ ನಿಲ್ಲುತ್ತದೆ. “ಮಲಗಿರಲಿಲ್ಲ,” ಎನ್ನುತ್ತಾರೆ. “ಅವತ್ತ ಆಕಿಗೆ ಏನೋ ಸುಳುವು ಹತ್ತಿತ್ತು, ಎದ್ದು ಕುಂತಿದ್ಲು. ನಾನಾ ತೊಡಿ ಮ್ಯಾಲ ಹಾಕ್ಕೊಂಡು ಜೋಗುಳ ಹಾಡಿದೆ. ಆಕಿ ಮಲಗಿದ ಮ್ಯಾಲ ಇವರಿಗೆ ಹೋಗ್ರಿ ಅಂತ ಕೈ ಮಾಡಿದೆ.” ಮತ್ತೆ ಹೇಳುತ್ತಾರೆ: “ಎದ್ದಾಕೀನ ದಡ್ಡಿಗೆ ಓಡಿದ್ಲು. ದಡ್ಡ್ಯಾಗ ಒಂದು ಕುರಿ ಇರಲಿಲ್ಲ.”

ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಮನೆಯೆಲ್ಲ ತುಂಬುತ್ತದೆ, ಅದನ್ನು ತೆಗೆಯುವ ಎಚ್ಚರ ಯಾರಿಗೂ ಇಲ್ಲ. ದುರ್ಗವ್ವ ಮೊಮ್ಮಗಳ ಮುಖ ನೋಡುತ್ತಾರೆ. “ನನ್ನ ಹಾಡು ಕೇಳಿ ಮಲಗಿದ್ಲು,” ಎಂದು ತಮಗೇ ಹೇಳಿಕೊಳ್ಳುವಂತೆ ಅನ್ನುತ್ತಾರೆ. “ದೆವ್ವಲ್ಲ ಅದು. ನನ್ನ ಹಾಡಿಗೇ ಅಂಜ್ಯಾಳ.”

ಆ ಮಾತನ್ನು ಜಮಾಲಬಿ ಹೇಳಬಹುದಿತ್ತು. ಅವರಿಗೆ ಅರ್ಧ ಮಾತಿನಲ್ಲೇ ಗೊತ್ತಾಗಿತ್ತು. ಆದರೆ ಹೇಳುವುದಿಲ್ಲ. ಮನೆಯವರ ಬಾಯಿಂದಲೇ ಬರುವ ತನಕ ಕಾಯುತ್ತಾರೆ. ಹೊರಗಿನವರು ಹೇಳಿದ್ದು ಹೊಸ್ತಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ ಎಂದು ಅವರ ಲೆಕ್ಕ.

ಕಚೇರಿಯ ಕಾಗದದಲ್ಲಿ ಜಮಾಲಬಿಯವರ ಹುದ್ದೆಗೆ ಒಂದು ಮೊಳ ಉದ್ದದ ಹೆಸರಿದೆ. ಅದನ್ನು ಪೂರ್ತಿ ಹೇಳಲು ಅವರಿಗೂ ಬರುವುದಿಲ್ಲ, ಹೇಳಿದರೆ ನಗುತ್ತಾರೆ. ಕುಂದಗೋಳ ತಾಲ್ಲೂಕಿನ ಹತ್ತಾರು ಹಳ್ಳಿಗಳಲ್ಲಿ ಅವರು ‘ಕೂಸಿನ ಜಮಾಲಬಿ’. ಆರು ವರ್ಷದೊಳಗಿನ ಮಕ್ಕಳಲ್ಲಿ ಮಾತು ನಿಂತವರು, ಅಂಜಿ ಮುದುಡಿದವರು, ತಲೆ ಜಜ್ಜಿಕೊಳ್ಳುವವರು, ಉಣ್ಣಲೊಲ್ಲದವರು ಇಂಥವರ ಮನೆಗೆ ಬಸ್ಸಿನಲ್ಲೋ ಗಂಡನ ಗಾಡಿಯಲ್ಲೋ ವಾರಕ್ಕೊಮ್ಮೆ ಹೋಗುವುದು ಅವರ ಕೆಲಸ. ಸದ್ಯ ಅವರ ಲೆಕ್ಕದಲ್ಲಿ ಮೂವತ್ತರಷ್ಟು ಮನೆಗಳಿವೆ. ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಮಕ್ಕಳ ಮನಸ್ಸಿನ ಡಾಕ್ಟರು ಬರುತ್ತಾರೆ. ಯಾರನ್ನು ಕರೆತರಬೇಕು, ಯಾರಿಗೆ ಏನು ಹೇಳಬೇಕು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳುತ್ತಾರೆ.

“ಡಾಕ್ಟರ್ ಮೇಡಮ್ಮಾರು ತಿಂಗಳಿಗೊಮ್ಮೆ ಬರ್ತಾರ, ನಾ ವಾರಕ್ಕೊಮ್ಮೆ. ಉಳದ ಹೊತ್ತೆಲ್ಲಾ ಕೂಸಿನ ಬಾಜೂಕ ಯಾರಿರ್ತಾರ್ರಿ? ಮನ್ಯಾನವರು,” ಎನ್ನುತ್ತಾರೆ ಜಮಾಲಬಿ. “ಕೂಸೊಂದನ್ನಾ ಮಾತಾಡಿಸಿ ಬಂದ್ರ, ಹೊಳ್ಯಾಗ ಮೈ ತೊಳದು ಮತ್ತ ಅದಾ ಕೆಸರಿನ್ಯಾಗ ನಿಲ್ಲಿಸಿ ಬಂದಂಗ.”

ಈ ಕೆಲಸಕ್ಕೆ ಬರುವ ಮೊದಲು ಅವರು ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದರು. ಅಡುಗೆ, ಕಸ, ಮಕ್ಕಳ ಮೂಗು ಒರೆಸುವುದು. ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆದು ತರುವಾಗ ಯಾವ ಮನೆಯ ಬಾಗಿಲಲ್ಲಿ ಯಾವ ಕೂಸು ಹೇಗೆ ಅಳುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಹುಬ್ಬಳ್ಳಿಯ ಡಾಕ್ಟರು ಹಳ್ಳಿಗಳಲ್ಲಿ ಕೆಲಸ ಶುರು ಮಾಡುವಾಗ ಓದಿದವರನ್ನು ಹುಡುಕಲಿಲ್ಲ, ಮನೆಗಳ ಗುರುತಿದ್ದವರನ್ನು ಹುಡುಕಿದರು. ಆಮೇಲೆ ತಿಂಗಳುಗಟ್ಟಲೆ ಕೂರಿಸಿಕೊಂಡು ಕಲಿಸಿದರು. ಇವತ್ತಿಗೂ ಗೊತ್ತಾಗದ್ದನ್ನು ಜಮಾಲಬಿ ಫೋನ್ ಮಾಡಿ ಕೇಳುತ್ತಾರೆ, ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ.

ಮೊದಲ ವರ್ಷ ಯಾವ ಮನೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ತಪ್ಪು ಅವರ ಚೀಲದ್ದು. ಕೆಲಸ ಕೊಟ್ಟ ಡಾಕ್ಟರ ಸಂಸ್ಥೆಯವರು ಕೊಟ್ಟ ಹೊಸ ಚೀಲದ ಮೇಲೆ ‘ಮಾನಸಿಕ ಆರೋಗ್ಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಓಣಿಯಲ್ಲಿ ಕಾಲಿಟ್ಟರೆ ಬಾಗಿಲು ಒಂದೊಂದಾಗಿ ಮುಚ್ಚುತ್ತಿದ್ದವು. ನಮ್ಮ ಕೂಸಿಗೇನು ಹುಚ್ಚು ಹಿಡಿದಿದೆಯೇ ಎಂದು ಬೈದವರಿದ್ದರು. ನಾಳೆ ಹೆಣ್ಣು ಕೊಡುವವರು, ತರುವವರು ಏನೆಂದಾರು ಎಂದು ಮೂರು ವರ್ಷದ ಕೂಸಿನ ಮದುವೆಯ ಚಿಂತೆ ಮಾಡಿದವರೂ ಇದ್ದರು. ಜಮಾಲಬಿ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿದುಕೊಂಡರು. ಗಾದಿ ಹೊಲಿಯುವವರ ಮನೆಯಲ್ಲಿ ಸೂಜಿ ದಾರಕ್ಕೇನು ಬರ. ಇವತ್ತಿಗೂ ಅದೇ ಚೀಲ, ಅಕ್ಷರಗಳೆಲ್ಲ ಒಳಗೆ.

ಮಕ್ಕಳ ಮನಸ್ಸಿನ ಬಗ್ಗೆ ದೊಡ್ಡ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಅಲ್ಲಿಗೆ ಜಮಾಲಬಿಯವರಿಗೂ ಒಮ್ಮೊಮ್ಮೆ ಕರೆ ಬರುತ್ತದೆ. ಗುಂಪಿನ ಫೋಟೊದ ತುದಿಯಲ್ಲಿ ನಿಂತು, ಊಟ ಮಾಡಿ ಬರುತ್ತಾರೆ. ಮಾತಾಡಿ ಎಂದು ಅವರ ಕೈಗೆ ಯಾರೂ ಮೈಕು ಕೊಟ್ಟಿಲ್ಲ. ಅದರ ಬಗ್ಗೆ ಅವರಿಗೆ ಸಿಟ್ಟಿಲ್ಲ, ಸಿಟ್ಟು ಬರಬೇಕಾದದ್ದು ಈ ಸಂಗತಿ ಕೇಳುವವರಿಗೆ. “ಊಟ ಛಲೋ ಇರತೈತ್ರಿ,” ಎಂದಷ್ಟೇ ಹೇಳುತ್ತಾರೆ.

ಸೋತ ಮನೆಗಳೂ ಇವೆ. ಒಂದು ಊರಿನಲ್ಲಿ, ಎರಡನೇ ಸಲ ಹೋದಾಗ ಮನೆಯ ಯಜಮಾನ ಎದ್ದು ನಿಂತು ಇನ್ನು ಬರಬೇಡ ಎಂದರು. ಆ ಮನೆಯ ಗಂಡುಕೂಸು ಈಗಲೂ ಗೋಡೆಗೆ ತಲೆ ಜಜ್ಜುತ್ತದೆ ಎಂಬ ಸುದ್ದಿ ಬರುತ್ತಿರುತ್ತದೆ. ಅದನ್ನು ಹೇಳುವಾಗ ಜಮಾಲಬಿಯವರ ದನಿ ತಗ್ಗುತ್ತದೆ. ಪ್ರತಿ ವಾರ ಆ ಓಣಿಯಲ್ಲಿ ಕೆಲಸವಿರಲಿ ಬಿಡಲಿ ಒಮ್ಮೆ ಹಾದು ಬರುತ್ತಾರೆ. “ಕಣ್ಣಿಗೆ ಬೀಳ್ತಿದ್ರ ಒಂದಿನ ಕರದಾರು,” ಎಂದು ಅವರ ಆಸೆ.

ಕುಬಿಹಾಳದ ಮನೆಗೆ ಮುಂದಿನ ವಾರ ಮತ್ತೆ ಹೋಗುವಾಗ ಜಮಾಲಬಿಯವರ ಎದೆ ಭಾರವಾಗಿದೆ. ಕಾರಣ ಗೊತ್ತಾಗಿದೆ, ಸರಿ. ಆದರೆ ಹಿಂಡು ಮತ್ತೆ ಹೊರಡುವ ದಿನ ಹತ್ತಿರ ಬಂದಿದೆ. ಈ ಸಲವೂ ಕದ್ದು ಹೋದರೆ ಕೂಸು ಇನ್ನೆಷ್ಟು ಒಳಗೆ ಹೋಗಿ ಕೂರುತ್ತದೋ ಹೇಳಲಾಗದು ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಮಾಳವ್ವನನ್ನು ಜೊತೆಗೆ ಕರೆದೊಯ್ಯಿರಿ ಎಂದು ಹೇಳಿ ನೋಡಿದ್ದೂ ಆಗಿದೆ. ಆದರೆ ಈಗ ಎಳೆಗೂಸೊಂದಿದೆ, ಗದ್ದೆಬಯಲಿನ ಚಳಿಯಲ್ಲಿ ಎರಡು ಮಕ್ಕಳನ್ನು ನೋಡಿಕೊಳ್ಳುತ್ತಾ ಹಿಂಡು ಕಾಯುವುದು ಆಗದ ಮಾತು. ಉಳಿದ ದಾರಿ ಒಂದೇ.

ಎತ್ತಿಕೊಳ್ಳುವವರೆಲ್ಲ ಮತ್ತೆ ಕೂತಿದ್ದಾರೆ. ಜಮಾಲಬಿ ಹೇಳುತ್ತಾರೆ: “ಈ ಸಲ ಆಕಿ ಎಚ್ಚರಿದ್ದಾಗ, ಬೆಳಕಿನ್ಯಾಗ, ಆಕಿಗೆ ಹೇಳಿ ಹೋಗ್ರಿ. ಅಳ್ತಾಳ. ಅಳಲಿ.”

“ಆಗೂದಿಲ್ಲ,” ಎಂದು ದುರ್ಗವ್ವ ಕಡ್ಡಿ ಮುರಿದಂತೆ ಹೇಳುತ್ತಾರೆ. “ಕೂಸು ಅಳೂ ಮುಂದ ಈ ಮನಿಯಿಂದ ಯಾರೂ ಹೊಸ್ತಿಲಾ ದಾಟಂಗಿಲ್ಲ. ಒಮ್ಮೆ ದಾಟಿದ್ದು ಸಾಕು.”

ಬಹಳ ವರ್ಷಗಳ ಹಿಂದೆ ದುರ್ಗವ್ವನವರ ಗಂಡ ಇದೇ ಹಿಂಡು ಹೊಡೆದುಕೊಂಡು ಹೊರಟ ಬೆಳಿಗ್ಗೆ ಅವರ ಐದು ವರ್ಷದ ಮಗ ಕಾಲು ಹಿಡಿದು ಬಿಡದೆ ಅತ್ತಿದ್ದ. ಬಿಡಿಸಿಕೊಂಡು ಹೋದರು. ಬೇಸಿಗೆಯ ಅಡ್ಡಮಳೆಯ ಹೊತ್ತಿಗೆ ಅವರು ತಿರುಗಿ ಬಂದದ್ದು ಟ್ರ್ಯಾಕ್ಟರಿನಲ್ಲಿ, ಕಂಬಳಿಯಲ್ಲಿ ಸುತ್ತಿದ ಹೆಣವಾಗಿ. ಮರದ ಕೆಳಗೆ ನಿಂತಿದ್ದಾಗ ಸಿಡಿಲು ಬಡಿದಿತ್ತು. ಅಂದಿನಿಂದ ಈ ಮನೆಯಲ್ಲಿ ಹೊರಡುವ ಹೊತ್ತಿಗೆ ಅಳು ಕೂಡದು. ಕೂಸು ಮಲಗಿರಬೇಕು.

ದುರ್ಗವ್ವ ಹೇಳಿ ಮುಗಿಸಿದ ಮೇಲೆ ಬೀರಲಿಂಗಪ್ಪ ಬಾಯಿ ತೆರೆಯುತ್ತಾರೆ. ತಾಯಿಯ ಮುಖ ನೋಡುವುದಿಲ್ಲ, ಜಮಾಲಬಿಯ ಮುಖವನ್ನೂ ನೋಡುವುದಿಲ್ಲ.

“ಅವತ್ತ ಅತ್ತಾಂವ ನಾನರಿ,” ಎನ್ನುತ್ತಾರೆ. “ಈ ಹುಡುಗ ಅತ್ತದ್ದಕ್ಕ ಅವರಪ್ಪ ತಿರುಗಿ ಬರಲಿಲ್ಲ ಅಂತ ಮನಿಗೆ ಬಂದಾವರೆಲ್ಲಾ ಅನ್ನೋರು. ನಾ ಕಂಬಳಿ ಹೊಚಗೊಂಡು ಕೇಳ್ತಿದ್ದೆ.”

“ನೀ ಮಲಗಿರ್ತಿದ್ದೆಲಾ,” ಎನ್ನುತ್ತಾರೆ ದುರ್ಗವ್ವ.

“ಮಲಗಿರ್ತಿರಲಿಲ್ಲ ಯವ್ವಾ.”

ಒಲೆಯ ಕಡೆ ನೋಡುತ್ತಾ ಮುಂದುವರಿಸುತ್ತಾರೆ. “ಅದಕ್ಕಾ ಈಕಿ ಮಲಗಿದಾಗ ಹೋಗ್ತೀನಿ. ನಾಳೆ ನನಗೇನರ ಆದ್ರ ಈಕಿ ಅತ್ತದ್ದಕ್ಕ ಆತು ಅಂತ ಯಾರೂ ಅನ್ನಬಾರದು. ನಂದು ನನಗ ಸಾಕು.”

ಆ ಹೊತ್ತಿನ ಬಗ್ಗೆ ಜಮಾಲಬಿ ಆಮೇಲೆ ಹೇಳುತ್ತಾರೆ: “ನಾನು ಸಮಾಧಾನ ಹೇಳಿದ್ರ ಏನ್ ಬಂತ್ರಿ? ಆ ಮಾತು ಆಡೂ ಹಕ್ಕು ಒಬ್ಬಾಕಿಗೇ ಇತ್ತು. ಆಕಿ ಆಡೂ ತನಕಾ ನಾ ಕುಂಡ್ರಬೇಕಿತ್ತು.”

ಕೊನೆಗೆ ದುರ್ಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮಗನ ಬಳಿ ಕೂರುತ್ತಾರೆ. ಮೀಸೆ ಬಂದ, ಎರಡು ಮಕ್ಕಳ ತಂದೆಯಾದ ಮಗನ ತಲೆಯನ್ನು ಎದೆಗೆ ಎಳೆದುಕೊಳ್ಳುತ್ತಾರೆ.

“ಸಿಡ್ಲು ಬಡೀತೋ ನಿಮ್ಮಪ್ಪಗ,” ಎನ್ನುತ್ತಾರೆ. “ಗಿಡದ ಬುಡಕ ನಿಂತಿದ್ದ, ಸಿಡ್ಲು ಬಡೀತು. ನೀ ಅತ್ತದ್ದಕ್ಕಲ್ಲ. ಅಷ್ಟು ಸಣ್ಣ ಹುಡುಗ ಅಪ್ಪಗ ಅಳದ ಇನ್ನ ಯಾರಿಗೆ ಅಳಬೇಕಿತ್ತು?” ಬೀರಲಿಂಗಪ್ಪ ಅಳುತ್ತಾರೆ. ಇಪ್ಪತ್ತೈದು ವರ್ಷದಿಂದ ಯಾವ ಸಾವಿನಲ್ಲೂ, ಯಾವ ಮದುವೆಯಲ್ಲೂ ಆ ಮನುಷ್ಯ ಅತ್ತದ್ದನ್ನು ಕಂಡವರಿಲ್ಲ. ಕಂಬಕ್ಕೆ ಒರಗಿದ್ದ ಮಾಳವ್ವ ಅಪ್ಪನನ್ನು ಕಣ್ಣು ಮಿಟುಕಿಸದೆ ನೋಡುತ್ತಾಳೆ.

ಹೊರಡುವ ದಿನ ಹೇಗಿರಬೇಕೆಂದು ಆಮೇಲೆ ಎಲ್ಲರೂ ಸೇರಿ ಮಾತಾಡುತ್ತಾರೆ. ಡಾಕ್ಟರು ಹೇಳಿಕೊಟ್ಟದ್ದನ್ನು ಜಮಾಲಬಿ ಈ ಮನೆಯ ಮಾತಿಗೆ ಇಳಿಸುತ್ತಾರೆ. ಕೂಸಿಗೆ ತಿಂಗಳು ತಿಳಿಯದು, ಕಣ್ಣಿಗೆ ಕಾಣುವುದನ್ನು ತೋರಿಸಿ ಯಾವಾಗ ಬರುತ್ತೇವೆಂದು ಹೇಳಬೇಕು. ಪೇಪರಮೆಂಟು ಕೊಟ್ಟು ಲಕ್ಷ್ಯ ಬೇರೆ ಕಡೆ ಸೆಳೆಯಬಾರದು. ಅತ್ತರೆ ಅಜ್ಜಿ ಒಳಗೆ ಹೊತ್ತೊಯ್ಯಬಾರದು, ಹಿಂಡು ಕಣ್ಮರೆಯಾಗುವ ತನಕ ಅಲ್ಲೇ ನಿಲ್ಲಬೇಕು. ಜೋಗುಳವನ್ನು ಅವಳೇ ಬೇಡುವ ತನಕ ಹಾಡಬಾರದು. ದುರ್ಗವ್ವ ಎಲ್ಲಕ್ಕೂ ತಲೆ ಆಡಿಸುತ್ತಾರೆ. ಆದರೆ ಅಂಜಿಕೆ ಹೋಗಿಲ್ಲ ಎಂಬುದು ಮುಖದಲ್ಲಿ ಕಾಣುತ್ತದೆ. ಮಗನ ತಲೆ ಮೇಲಿಂದ ಒಂದು ಭಾರ ಇಳಿಸಿದ ಮಾತ್ರಕ್ಕೆ ತಲೆಮಾರಿನ ಭಯ ಕರಗುವುದಿಲ್ಲ.

ಭಯ ಜಮಾಲಬಿಯವರಿಗೂ ಇದೆ, ಬೇರೆ ಥರದ್ದು. ಈ ಸಲ ದಾರಿಯಲ್ಲಿ ಏನಾದರೂ ಆಯಿತೆಂದರೆ ಕೂಸನ್ನು ಅಳಿಸಿ ಕಳಿಸಿದವಳು ಇವಳೇ ಎಂದು ಊರು ಬೊಟ್ಟು ಮಾಡುತ್ತದೆ. ಈ ಓಣಿಯ ಬಾಗಿಲು ಮುಚ್ಚಿದರೆ ಸುತ್ತಲಿನ ಓಣಿಗಳೂ ಮುಚ್ಚುತ್ತವೆ. ಇಷ್ಟು ವರ್ಷ ಹೊಸ್ತಿಲ ಹೊರಗೆ ನಿಂತು ಗಳಿಸಿದ ವಿಶ್ವಾಸವೆಲ್ಲ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಪಾಪ ಮಾಳವ್ವನ ತಲೆಗೆ ಬರುತ್ತದೆ. ಅಪ್ಪ ಹೊತ್ತದ್ದನ್ನೇ ಮಗಳೂ ಹೊರಬೇಕಾಗುತ್ತದೆ. ಆ ವಾರ ತಮಗೆ ಅನ್ನ ಸೇರಲಿಲ್ಲ ಎನ್ನುತ್ತಾರೆ ಜಮಾಲಬಿ.

ಹೊರಡುವ ದಿನ ಬಂದೇ ಬರುತ್ತದೆ. ನಸುಕಿನಲ್ಲಿ ಹೋಗಬೇಕಾದ ಹಿಂಡು ಬಿಸಿಲು ಬೀಳುವ ತನಕ ನಿಂತಿದೆ. ಜೊತೆಗೆ ಹೊರಟ ಬೇರೆ ಹಿಂಡಿನವರು ಗೊಣಗುತ್ತಿದ್ದಾರೆ. ಬೀರಲಿಂಗಪ್ಪ ಮನೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಗಳನ್ನು ಎದುರಿಗೆ ನಿಲ್ಲಿಸಿಕೊಂಡಿದ್ದಾರೆ. ಬಾಗಿಲ ಬೇವಿನ ಮರ ತೋರಿಸುತ್ತಾರೆ.

“ನಾವು ಹೊಂಟೀವವಾ. ಈ ಬೇವಿನ ಗಿಡಾ ಹೂ ಬಿಟ್ಟಾಗ ಬರ್ತೀವಿ. ಅಲ್ಲೀತನಕಾ ನೀ ಆಯಿ ಕೂಡ ಇರಬೇಕು. ಅಳು ಬಂದ್ರ ಅಳು. ನೀ ಅತ್ತರ ನನಗೇನೂ ಆಗೂದಿಲ್ಲ.”

ಕೊನೆಯ ಮಾತನ್ನು ಎರಡು ಸಲ ಹೇಳುತ್ತಾರೆ. ಮಾಳವ್ವ ಮೊದಲು ಅಪ್ಪನ ಮುಖ ನೋಡುತ್ತಾಳೆ, ಆಮೇಲೆ ಎಳೆಗೂಸನ್ನು ಬಗಲಿಗೆ ಕಟ್ಟಿಕೊಂಡು ನಿಂತ ಅವ್ವನನ್ನು. ನಂತರ ಅವಳಿಂದ ಹೊರಡುವ ಅಳು ಓಣಿಯ ಹೆಂಗಸರನ್ನೆಲ್ಲ ಬಾಗಿಲಿಗೆ ತರುತ್ತದೆ. ಕಸ್ತೂರೆವ್ವ ಈ ಸಲ ತಿರುಗಿ ನೋಡುತ್ತಾರೆ, ಬಂದು ತಬ್ಬಿಕೊಳ್ಳುತ್ತಾರೆ, ಅಳುತ್ತಲೇ ಬಿಡಿಸಿಕೊಂಡು ನಡೆಯುತ್ತಾರೆ. ದುರ್ಗವ್ವ ಮೊಮ್ಮಗಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಾರೆ. ಒಳಗೆ ಹೋಗುವುದಿಲ್ಲ. ದೂರದಲ್ಲಿ ನಿಂತ ಜಮಾಲಬಿಯವರ ತುಟಿಗಳು ಅಲುಗುತ್ತಿವೆ, ಆ ಹಿಂಡಿನ ಒಂದೊಂದು ಕುರಿಗೂ ದುವಾ ಮಾಡುತ್ತಿದ್ದಾರೆ. ದೂಳು ಅಡಗುವ ತನಕ ಮೂವರೂ ಅಲ್ಲೇ ನಿಲ್ಲುತ್ತಾರೆ.

ಆ ದಿನ ಮಾಳವ್ವ ಅಳುತ್ತಾಳೆ, ಸುಮ್ಮನಾಗುತ್ತಾಳೆ, ಮತ್ತೆ ಅಳುತ್ತಾಳೆ. ಮಲಗುವುದಿಲ್ಲ. ಮರುದಿನವೂ ಇಲ್ಲ. ಜಮಾಲಬಿ ದಿನಾ ಸುಶೀಲವ್ವ ಟೀಚರಿಗೆ ಫೋನ್ ಮಾಡಿ ಕೇಳುತ್ತಾರೆ, ದಿನಾ ಇಲ್ಲವೆಂಬ ಉತ್ತರ. ಇಂಥ ಕೆಲಸದಲ್ಲಿ ಯಾವಾಗಲೂ ಹೀಗೇ ಎಂದು ಡಾಕ್ಟರು ಸಮಾಧಾನ ಹೇಳುತ್ತಾರೆ. ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಜಮಾಲಬಿ ಮೊಣಕಾಲು ತೋರಿಸಿ ನಗುತ್ತಾರೆ, ಆಮೇಲೆ ಹೇಳುತ್ತಾರೆ: “ಜೋಡಿಗೆ ಇನ್ನೊಬ್ಬಾಕಿ ಬೇಕ್ರಿ. ಇಂಥಾ ದಿನದಾಗ ಬಸ್ಸಿನ್ಯಾಗ ಬಾಜೂಕ ಕುಂಡ್ರಾಕ.”

ಮುಂದಿನ ವಾರ ಒಂದು ಸುದ್ದಿ ಬರುತ್ತದೆ. ಕಲಘಟಗಿ ರಸ್ತೆಯಲ್ಲಿ ಲಾರಿಯೊಂದು ಬೀರಲಿಂಗಪ್ಪನವರ ಹಿಂಡಿಗೆ ನುಗ್ಗಿದೆ. ಮನುಷ್ಯರಿಗೆ ಏನೂ ಆಗಿಲ್ಲ, ನಾಲ್ಕು ಕುರಿ ಸತ್ತಿವೆ. ಕುಬಿಹಾಳದಲ್ಲಿ ಮಾತು ಹುಟ್ಟಲು ಅಷ್ಟು ಸಾಕು. ಕೂಸನ್ನು ಅಳಿಸಿ ಕಳಿಸಿದರು, ಆಯಿತು ನೋಡು ಎಂದು ಓಣಿ ಆಡಿಕೊಳ್ಳುತ್ತಿದೆ ಎಂದು ಸುಶೀಲವ್ವ ಟೀಚರು ಹೇಳುತ್ತಾರೆ. ದುರ್ಗವ್ವ ನಿಮ್ಮನ್ನು ಬರಹೇಳಿದ್ದಾರೆ ಎಂದೂ ಹೇಳುತ್ತಾರೆ.

ಮಧ್ಯಾಹ್ನ ಜಮಾಲಬಿ ಗಂಡನ ಗಾಡಿಯಲ್ಲಿ ಬಂದಿಳಿಯುತ್ತಾರೆ. “ನಾನೂ ಒಳಗ ಬರ್ಲೇನು?” ಎಂದು ಮಹಬೂಬಸಾಬ ಕೇಳುತ್ತಾರೆ.

“ಬ್ಯಾಡ್ರಿ. ಬೈಸ್ಕೊಳ್ಳೂದು ನನ್ನ ಕೆಲಸ.”

ಬಾಗಿಲು ಅರ್ಧ ತೆರೆದಿದೆ. ಒಳಗೆ ಗೋಡೆಗೆ ಒರಗಿ ಕಾಲು ಚಾಚಿ ದುರ್ಗವ್ವ ಕೂತಿದ್ದಾರೆ. ಜಮಾಲಬಿ ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಡುತ್ತಾರೆ. “ಸಣ್ಣಗ ಮಾತಾಡು,” ಎಂದು ಪಿಸುಗುಡುತ್ತಾರೆ. “ಮಲಗ್ಯಾಳ.”

ಮಾಳವ್ವ ಅಜ್ಜಿಯ ತೊಡೆಯ ಮೇಲೆ ಅಂಗಾತ ಬಿದ್ದಿದ್ದಾಳೆ. ಬಾಯಿ ತೆರೆದಿದೆ, ಕೈಗಳು ಎತ್ತೆತ್ತಲೋ ಬಿದ್ದಿವೆ. ವರ್ಷದ ನಿದ್ದೆಯನ್ನೆಲ್ಲ ಒಂದೇ ಸಲಕ್ಕೆ ಮಾಡುವವಳಂತೆ ಉಸಿರಾಡುತ್ತಿದ್ದಾಳೆ. ಜಮಾಲಬಿ ಸದ್ದಿಲ್ಲದೆ ನೆಲಕ್ಕೆ ಕೂರುತ್ತಾರೆ.

“ನಾಕು ಕುರಿ ಹ್ವಾದವು,” ಎನ್ನುತ್ತಾರೆ ದುರ್ಗವ್ವ.

“ಕೇಳಿದೆ ಯಕ್ಕಾ.”

“ಓಣ್ಯಾನವರು ಬಾಗಿಲಿಗೆ ಬಂದು ಅಂದ್ರು, ಈಕಿ ಅತ್ತದ್ದಕ್ಕಾ ಅಂತ. ಈಕಿ ಇಲ್ಲೇ ನಿಂತಿದ್ಲು. ನಂಗ ಸಿಟ್ಟು ಬಂತು. ನನ್ನ ಮಗಗ ಅಂದ್ರಿ, ನಾ ಸುಮ್ನ ಕುಂತೆ. ಮೊಮ್ಮಗಳಿಗೆ ಅನಬ್ಯಾಡ್ರಿ ಅಂದೆ. ಲಾರಿಯಾಂವ ನೋಡ್ಕೊಂಡು ಹೊಡೀಲಿಲ್ಲ, ಕುರಿ ಸತ್ತವು, ಹೋಗಿ ಅಂವನ್ನ ಕೇಳ್ರಿ ಅಂತ ಬಾಗಿಲಾ ಹಾಕಿದೆ.” ದುರ್ಗವ್ವನವರ ಕಣ್ಣು ತುಂಬಿವೆ. “ಆಮ್ಯಾಲ ಇಲ್ಲಿ ಬಂದು ಕುಂತೆ. ಈಕಿ ತಾನಾ ಬಂದು ತೊಡಿ ಮ್ಯಾಲ ಅಡ್ಡಾದ್ಲು. ನಾ ಹಾಡಲಿಲ್ಲ. ತಾನಾ ಮಲಗಿದ್ಲು. ಇದನ್ನ ನೀ ನೋಡ್ಲಿ ಅಂತ ಕರೆಕಳಿಸಿದೆ. ಕಾಲು ಜುಮು ಹಿಡದೈತಿ. ಹಿಡೀಲಿ, ಸರಸಂಗಿಲ್ಲ.”

ಜಮಾಲಬಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಕೈ ಚಾಚಿ ದುರ್ಗವ್ವನವರ ಮರಗಟ್ಟಿದ ಪಾದವನ್ನು ಮೆಲ್ಲಗೆ ತಿಕ್ಕುತ್ತಾರೆ. ಹೊರಗೆ ಮಹಬೂಬಸಾಬ ಹಾರ್ನು ಬಾರಿಸುತ್ತಾರೆ. ಮುಂದಿನ ಊರಿನಲ್ಲಿ ಇನ್ನೊಂದು ಮನೆ ಕಾದಿದೆ, ಗಾದಿಯ ಕೆಲಸವೂ ಕಾದಿದೆ.

“ನಡಿ, ನಿನ್ನ ಗಂಡ ಕರದ,” ಎಂದು ದುರ್ಗವ್ವ ಕಣ್ಣಲ್ಲೇ ಬಾಗಿಲು ತೋರಿಸುತ್ತಾರೆ. “ಎದ್ದ ಮ್ಯಾಲ ನೀ ಬಂದಿದ್ದೆ ಅಂತ ಹೇಳ್ತೀನಿ.”

“ಆಕಿ ಮಲಗಿದಾಗ ಹೆಂಗ ಹೋಗ್ಲಿ ಯಕ್ಕಾ,” ಎನ್ನುತ್ತಾರೆ ಜಮಾಲಬಿ.

ಹಾರ್ನು ಮತ್ತೆರಡು ಸಲ ಕೇಳಿ ಸುಮ್ಮನಾಗುತ್ತದೆ. ಮೂವತ್ತು ವರ್ಷ ಸಂಸಾರ ಮಾಡಿದ ಮಹಬೂಬಸಾಬರಿಗೆ ಹೆಂಡತಿಯ ಕೆಲಸ ಗೊತ್ತು, ಗಾಡಿಯನ್ನು ಬೇವಿನ ಮರದ ನೆರಳಿಗೆ ತಳ್ಳಿ ಹತ್ತಿಯ ಗಂಟಿಗೆ ತಲೆ ಕೊಟ್ಟು ಅಡ್ಡಾಗುತ್ತಾರೆ. ಒಳಗೆ ಇಬ್ಬರು ಹೆಂಗಸರು ಕೂಸು ಏಳುವುದನ್ನು ಕಾಯುತ್ತಾ ಕೂತಿರುತ್ತಾರೆ. ಬಿಸಿಲು ಹೊಸ್ತಿಲು ದಾಟಿ ಅಡುಗೆಮನೆಯ ತನಕ ಬಂದಾಗ ಮಾಳವ್ವ ಕಣ್ಣು ಬಿಡುತ್ತಾಳೆ. ಮೊದಲು ಅಜ್ಜಿಯ ಮುಖ, ಆಮೇಲೆ ಬಾಜೂಕೆ ಕೂತ ಜಮಾಲಬಿಯ ಮುಖ.

ಜಮಾಲಬಿ ಬಗ್ಗಿ ಹೇಳುತ್ತಾರೆ: “ಮಾಳವ್ವಾ, ನಾ ಹೋಗಿ ಬರ್ತೀನವಾ. ಬರೂ ಸೋಮಾರ ಮತ್ತ ಬರ್ತೀನಿ.”

ಕೂಸು ಅವರನ್ನು ಸ್ವಲ್ಪ ಹೊತ್ತು ನೋಡುತ್ತದೆ. “ಹೂಂ,” ಅನ್ನುತ್ತದೆ. ಮಗ್ಗುಲು ಬದಲಿಸಿ ಮತ್ತೆ ಮಲಗುತ್ತದೆ.